ಸಾಣೆಯಕ್ಕನ ಹೆಬ್ಬೆರಳು

ಟಣ್.

ಒಳ್ಳೆಯ ಹರಳಾದರೆ, ಪರೀಕ್ಷೆಗೆ ಕೂತ ನಾದಿನಿ ಅದನ್ನು ಉಣ್ಣೆಬಟ್ಟೆಯ ಮೇಲಿಡುತ್ತಿದ್ದಳು, ಅದಕ್ಕೆ ಸದ್ದಿಲ್ಲ. ಗೀರು ಬಿದ್ದದ್ದನ್ನು ತಗಡಿನ ತಟ್ಟೆಗೆ ಹಾಕುತ್ತಿದ್ದಳು. ಆ ಬುಧವಾರ ಕೆಲಸ ಶುರುವಾಗಿ ಊಟದ ಗಂಟೆ ಹೊಡೆಯುವಷ್ಟರಲ್ಲಿ ತಟ್ಟೆ ನಾಲ್ಕು ಸಲ ಟಣ್ಣೆಂದಿತ್ತು. ಪ್ರತಿ ಸಲವೂ ಆರು ಹೆಜ್ಜೆ ಆಚೆ, ಕಿಟಕಿಯ ಪಕ್ಕದ ಮೇಜಿನಲ್ಲಿ, ಸಾಣೆಯಕ್ಕನ ಹೆಬ್ಬೆರಳು ಗಕ್ಕನೆ ನಿಂತು, ಮತ್ತೆ ನಿಧಾನವಾಗಿ ಚಲಿಸತೊಡಗುತ್ತಿತ್ತು.

“ಅತ್ತಿಗೆ, ಇದೂ ಹೋಯ್ತು,” ಎಂದಳು ನಾದಿನಿ, ದೀಪದ ಕೆಳಗಿಂದ ತಲೆ ಎತ್ತದೆ.

“ಎಷ್ಟಾಯ್ತು?”

“ಹದಿನೇಳು. ನಾನು ಎಣಿಸ್ಬಾರ್ದು ಅಂದ್ಕೊಂಡಿದ್ದೆ. ಈ ಹಾಳು ತಟ್ಟೆ ಬಾಯಿ ಮುಚ್ಕೊಂಡಿರ್ಬೇಕಲ್ಲ.”

ಹದಿನೇಳೂ ಸಾಣೆಯಕ್ಕನ ಕೈಯಿಂದ ಹೋದ ಹರಳುಗಳೇ. ಸೂಕ್ಷ್ಮದರ್ಶಕ ಮಾಡುವವರು ಅರವತ್ತು ಹರಳು ಕೇಳಿದ್ದರು. ಬೆರಳಿನ ಒಂದು ಗೆಣ್ಣಿನಷ್ಟು ದೊಡ್ಡದಾದ, ಗಾಜಿಗಿಂತ ತಿಳಿಯಾದ ಪಟ್ಟಕಗಳು. ಕೊಡಬೇಕಾದ ದಿನಕ್ಕೆ ಇನ್ನು ಎರಡು ವಾರವಿತ್ತು.

ಕೆಲಸದ ಮನೆಯಲ್ಲಿ ಮೂರು ಕೋಣೆ. ಮೊದಲನೆಯದರಲ್ಲಿ ಗರಗಸ. ಅಲ್ಲಿ ಕಲ್ಲಿನ ಗಟ್ಟಿಗಳನ್ನು ನೀರು ಮತ್ತು ಎಮರಿ ಎಂಬ ಗಟ್ಟಿ ಕಲ್ಲಿನ ಪುಡಿ ಹಾಕಿ ಕೊಯ್ಯುತ್ತಾರೆ. ನಡುವಿನ ಕೋಣೆಯಲ್ಲಿ ಮಟ್ಟ ಮಾಡುತ್ತಾರೆ. ಕೊನೆಯದು ಹೊಳಪಿನ ಕೋಣೆ. ಅಲ್ಲಿ ಯಂತ್ರವಿಲ್ಲ. ತವರದ ಬಿಳಿ ಭಸ್ಮವನ್ನು ನೀರಿನಲ್ಲಿ ಕಲಸಿ, ಬರಿಯ ಹೆಬ್ಬೆರಳಿನಿಂದ, ಎಡದಿಂದ ಬಲಕ್ಕೆ ಅರ್ಧಚಂದ್ರದ ಹಾಗೆ ತೀಡುತ್ತ ಹೋಗಬೇಕು. ಬಟ್ಟೆಯಲ್ಲಿ ತೀಡಿದರೆ ಬಟ್ಟೆಯ ನೂಲು ಗುರುತು ಬಿಡುತ್ತದೆ. ಅಷ್ಟು ಮೆದು ಆ ಕಲ್ಲು. ಸುಣ್ಣದ ಜಾತಿಯದು. ಅದರ ಕೆಳಗೆ ಅಚ್ಚಾದ ಕಾಗದ ಇಟ್ಟು ನೋಡಿದರೆ ಒಂದೊಂದು ಸಾಲೂ ಎರಡೆರಡಾಗಿ ಕಾಣುವುದರಿಂದ ಅಲ್ಲಿನವರು ಅದನ್ನು ಜೋಡಿಗಲ್ಲು ಎನ್ನುತ್ತಿದ್ದರು.

ಸಾಣೆಯಕ್ಕ ಆ ಮೇಜಿಗೆ ಬಂದು ಎರಡು ವರ್ಷವಾಗಿತ್ತು. ಅದಕ್ಕೆ ಮೊದಲು ಇಪ್ಪತ್ನಾಲ್ಕು ವರ್ಷ ವಜ್ರದ ಸಾಣೆಯ ಮುಂದೆ ಕೂತವಳು. ಹೆಸರು ಅಲ್ಲಿಂದ ಅಂಟಿಕೊಂಡು ಬಂದಿತ್ತು.

ವಜ್ರದ ಕಾರ್ಖಾನೆಗೆ ಸೇರಿದಾಗ ಅವಳಿಗೆ ಹದಿನೆಂಟು. ಅಲ್ಲಿ ಕಬ್ಬಿಣದ ಚಪ್ಪಟೆ ಚಕ್ರಕ್ಕೆ ಎಣ್ಣೆ ಸವರಿ, ವಜ್ರದ ಪುಡಿಯನ್ನು ಹೆಬ್ಬೆರಳಿನಿಂದಲೇ ತೀಡಿ ತುಂಬಬೇಕು. ಚಕ್ರ ತಿರುಗುವಾಗ ಹರಳನ್ನು ಅದರ ಮೇಲೆ ಒತ್ತಿ ಹಿಡಿಯಬೇಕು. ವಜ್ರವನ್ನು ಸವೆಸುವುದು ವಜ್ರವೊಂದೇ ಎಂದು ಎಲ್ಲರೂ ಹೇಳುತ್ತಾರೆ. ಸಮಾನ ಗಟ್ಟಿಯವರಿಬ್ಬರು ಉಜ್ಜಾಡಿದರೆ ಒಬ್ಬರು ಮಾತ್ರ ಹೇಗೆ ಸವೆಯುತ್ತಾರೆ ಎಂದು ಅವಳು ಮೊದಲ ತಿಂಗಳೇ ಕೇಳಿದ್ದಳು. ಕಲಿಸುವ ಮುದುಕಿ ಹರಳನ್ನು ಕೊಂಚ ತಿರುಗಿಸಿ ಚಕ್ರದ ಮೇಲಿಟ್ಟಿದ್ದಳು. ಅಲ್ಲಿಯವರೆಗೆ ಕಿರುಚುತ್ತಿದ್ದ ಕಲ್ಲು ಪಿಸುಗುಟ್ಟತೊಡಗಿತು. “ಕೇಳಿಸ್ತಾ? ಎಂಥಾ ಸೊಕ್ಕಿನವರಿಗೂ ಮಾತಾಡ್ಸೋಕೆ ಒಂದು ದಿಕ್ಕಿರುತ್ತೆ ಮಗಳೇ. ಅದನ್ನ ಹುಡುಕೋದಕ್ಕೇ ನಮಗೆ ಸಂಬಳ.” ವಜ್ರ ಎಲ್ಲ ದಿಕ್ಕಿಗೂ ಒಂದೇ ಸಮನೆ ಗಟ್ಟಿಯಲ್ಲ. ತಪ್ಪು ದಿಕ್ಕಿಗೆ ಹಿಡಿದರೆ ಸಂಜೆಯ ಹೊತ್ತಿಗೆ ಚಕ್ರ ಸವೆದಿರುತ್ತದೆ, ಹರಳು ಹಾಗೇ ಇರುತ್ತದೆ. ಪುಡಿಯ ಕಣಗಳೋ ಎಲ್ಲ ಕಡೆಗೂ ಮುಖ ಮಾಡಿಕೊಂಡಿರುತ್ತವೆ. ಅವುಗಳಲ್ಲಿ ಕೆಲವುಗಳ ಗಟ್ಟಿ ಮುಖ ಹರಳಿನ ಮೆದು ದಿಕ್ಕಿಗೆ ಸಿಕ್ಕಿದರೆ ಕೆಲಸ ಆಗುತ್ತದೆ. ಸಾಣೆಯಕ್ಕ ಇಪ್ಪತ್ನಾಲ್ಕು ವರ್ಷ ಕಿವಿಯಿಂದ, ಬೆರಳಿನಿಂದ ಆ ದಿಕ್ಕನ್ನು ಹುಡುಕಿದಳು.

ಆಮೇಲೆ ಹುಡುಕುವ ಯಂತ್ರಗಳು ಬಂದವು. ಕಾರ್ಖಾನೆ ಮೂವತ್ತು ಮಂದಿಯನ್ನು ಮನೆಗೆ ಕಳಿಸಿತು. ಎರಡು ತಿಂಗಳು ಸಾಣೆಯಕ್ಕ ಮನೆಯ ಪಾತ್ರೆಗಳನ್ನೆಲ್ಲ ಉಜ್ಜಿದಳು. “ಸಾಕು ಬಿಡೇ, ಇನ್ನು ಉಜ್ಜಿದ್ರೆ ಆ ಕಡೆ ಇರೋದೆಲ್ಲ ಈ ಕಡೆ ಕಾಣುತ್ತೆ,” ಎಂದ ಗಂಡ. ಅವನು ಅಚ್ಚುಕೂಟದಲ್ಲಿ ಕರಡು ತಿದ್ದುವವನು, ನಗಿಸದೆ ಏನನ್ನೂ ಹೇಳಲು ಬಾರದವನು. ಅವನ ತಂಗಿಯೇ ಕೊನೆಗೆ ಅತ್ತಿಗೆಯ ಕೈಹಿಡಿದು ಈ ಕೆಲಸದ ಮನೆಗೆ ಕರೆತಂದಳು.

ಮೊದಲ ವಾರ ಅವಳು ಹನ್ನೊಂದು ಹರಳು ಕೆಡಿಸಿದಳು. ಬೆರಳಿಗೆ ಒತ್ತಿ ಅಭ್ಯಾಸ. ಕಲ್ಲಿಗೆ ಒತ್ತಿಸಿಕೊಂಡು ಅಭ್ಯಾಸವಿರಲಿಲ್ಲ. ಹನ್ನೊಂದನೆಯದರ ಅಂಚು ಮುಕ್ಕಾದಾಗ ಅವಳು ಅಂಗಳಕ್ಕೆ ಹೋಗಿ ನಲ್ಲಿಯ ಹತ್ತಿರ ನಿಂತಳು. ಗರಗಸದಣ್ಣ ಅಲ್ಲಿ ಕಾಲು ತೊಳೆಯುತ್ತಿದ್ದ. ಗರಗಸದ ಕೋಣೆಯಲ್ಲಿ ಆಗಲೇ ಇಪ್ಪತ್ತೊಂಬತ್ತು ವರ್ಷದಿಂದ ಇದ್ದವನು ಅವನು. ಬಗ್ಗಿದ ಬೆನ್ನು, ಸದಾ ಒದ್ದೆ ಏಪ್ರನ್ನು.

“ಅಳ್ತಿದ್ದೀಯಾ, ಮುಖ ತೊಳೀತಿದ್ದೀಯಾ?”

“ಎರಡೂ.”

“ನೀರು ಉಳೀತು ಬಿಡು. ಬಾ ಇಲ್ಲಿ.” ಅವನು ಅವಳನ್ನು ಒಳಗೆ ಕರೆದು ಒಂದು ಮರದ ಪೆಟ್ಟಿಗೆ ತೆರೆದ. ಕಾಲೇಜುಗಳಿಗೆ ಕಳಿಸಲು ಅಲ್ಲಿ ಮಾಡುವ ಪೆಟ್ಟಿಗೆ ಅದು. ಒಳಗೆ ಹತ್ತು ಮನೆ, ಒಂದೊಂದು ಮನೆಗೂ ಒಂದೊಂದು ನಯಮಾಡಿದ ಕಲ್ಲು. “ಇದರ ನ್ಯಾಯ ಭಾರೀ ಸುಲಭ. ಯಾರು ಯಾರಿಗೆ ಗೀರು ಹಾಕ್ತಾರೋ ಅವರು ದೊಡ್ಡವರು.”

“ನಮ್ಮ ಬೀದೀಲೂ ಅದೇ ನ್ಯಾಯ ಅಣ್ಣ.”

ಅವನಿಗೆ ನಗು ಬಂತು. ಮೊದಲ ಮನೆಯಲ್ಲಿ ಬಳಪದ ಕಲ್ಲು, ಉಗುರು ತಾಗಿದರೂ ಗೀರು ಬೀಳುವಂಥದ್ದು. ಎರಡನೆಯದು ಜಿಪ್ಸಮ್ಮು, ಅದಕ್ಕೂ ಉಗುರು ಸಾಕು. ಮೂರನೆಯದು ಅವಳನ್ನು ಅಳಿಸಿದ ಕಲ್ಲು. ನಾಲ್ಕನೆಯದು ಹಸಿರು, ಹೆಸರು ಫ್ಲೋರೈಟು. ಐದನೆಯದು ನಮ್ಮ ಹಲ್ಲಿನ ಹೊರಪದರದ ಸಂಬಂಧಿ ಎಂದು ಹೇಳುತ್ತ ಅವನು ಬಾಯಿ ತೆರೆದು ತನ್ನಲ್ಲಿ ಉಳಿದಿರುವ ಮಾದರಿಗಳನ್ನು ತೋರಿಸಿದ. ಆರನೆಯದು ಮೆಟ್ಟಿಲಿಗೆ ಹಾಸುವ ಕಲ್ಲಿನಲ್ಲಿ ಗುಲಾಬಿ ಬಣ್ಣಕ್ಕೆ ಹೊಳೆಯುತ್ತದಲ್ಲ, ಅದು. ಏಳು ಬೆಣಚುಕಲ್ಲು. ದಾರಿಯ ದೂಳಿನ ತುಂಬ ಅದರ ಪುಡಿಯೇ ಇರುವುದರಿಂದ ಏಳಕ್ಕಿಂತ ಕೆಳಗಿನ ಯಾವ ಕಲ್ಲನ್ನೂ ಒಣಬಟ್ಟೆಯಲ್ಲಿ ಒರೆಸಬಾರದು ಎಂದ. ಎಂಟು ಪುಷ್ಯರಾಗ. ಒಂಬತ್ತು ಕುರಂದ, ಕೆಂಪು ಮತ್ತು ನೀಲದ ಹರಳುಗಳ ಬಡ ದಾಯಾದಿ. ಗರಗಸಕ್ಕೆ ಹಾಕುವ ಎಮರಿ ಪುಡಿಯ ಸತ್ವವೂ ಅದೇ. ಹತ್ತನೆಯ ಮನೆಯಲ್ಲಿ ಹಿತ್ತಾಳೆಯ ಕಡ್ಡಿಯ ತುದಿಗೆ ಕೂರಿಸಿದ, ಎಳ್ಳಿಗಿಂತ ಚಿಕ್ಕದಾದ ವಜ್ರದ ಚೂರು.

“ಒಂದೊಂದೂ ಒಂದೊಂದು ಮೆಟ್ಟಿಲು ಅಂದ್ಕೋಬೇಡ. ಒಂಬತ್ತರ ತನಕ ಹತ್ಕೊಂಡ್ ಬಂದ್ಯಲ್ಲ, ಅಷ್ಟೂ ಸೇರಿಸಿದ್ರೂ ಒಂಬತ್ತರಿಂದ ಹತ್ತಕ್ಕಿರೋ ಎತ್ತರಕ್ಕೆ ಸಮ ಆಗಲ್ಲ. ನೀನು ಅಲ್ಲಿಂದ ಇಳಿದು ಬಂದಿರೋಳು ತಾಯಿ. ಕೈಗೆ ಹೇಳು. ಇದು ಮೂರನೇದು, ಹತ್ತನೇದಲ್ಲ ಅಂತ ದಿನಾ ಬೆಳಗ್ಗೆ ಹೇಳು.”

“ಹತ್ತನೇದೂ ಒಡೆಯುತ್ತೆ ಅಣ್ಣ. ಸರಿಯಾದ ಕಡೆ ಒಂದೇಟು ಬಿದ್ರೆ ಎರಡು ಹೋಳು. ನಾನೇ ನೋಡಿದ್ದೀನಿ.”

“ಗೀರಿಸಿಕೊಳ್ಳಲ್ಲ, ಒಡೆದುಹೋಗುತ್ತೆ. ಅಂಥೋರು ಮನುಷ್ಯರಲ್ಲೂ ಇದ್ದಾರೆ.”

ಸಾಣೆಯಕ್ಕ ಕೈಗೆ ಹೇಳಿದಳು. ದಿನಾ ಬೆಳಗ್ಗೆ ಹೇಳಿದಳು. ಮೂರು ತಿಂಗಳಾಗುವಷ್ಟರಲ್ಲಿ ಕೈ ಕೇಳಿತು. ಬೆರಳ ತುದಿಯಿಂದ ಒತ್ತದೆ ಬೆರಳ ತೂಕವನ್ನಷ್ಟೇ ಇಡುವುದು ಅವಳಿಗೆ ತಿಳಿಯಿತು. ತೀಡಿದಂತೆ ಕಲ್ಲು ಬೆಚ್ಚಗಾಗುತ್ತದೆ. ಇನ್ನೊಂದು ತೀಡು ಹೆಚ್ಚಾದರೆ ಒಳಗೆ ಬಿರುಕು ಬಿಡುವ ಬಿಸಿ. ಆ ಬಿಸಿಯನ್ನು ಹೆಬ್ಬೆರಳಿನ ತೊಗಲು ಮುಂಚೆಯೇ ಬಲ್ಲದು. ಕೆಲಸದಲ್ಲಿ ಮೊದಲ ಬಾರಿಗೆ ಅವಳು ಯಾವುದರ ಜೊತೆಗೂ ಸೆಣಸುತ್ತಿರಲಿಲ್ಲ. ಮಂಕಾಗಿದ್ದ ಮುಖ ಮೆಲ್ಲಗೆ ತಿಳಿಯಾಗಿ, ಕಿಟಕಿಯ ಸರಳುಗಳು ಅದರಲ್ಲಿ ಎರಡೆರಡಾಗಿ ಮೂಡುವಾಗ ಆಕೆ ಯಾರಿಗೂ ಕಾಣದಂತೆ ನಗುತ್ತಿದ್ದಳು. ಆ ಮೇಜು ಬಿಟ್ಟು ಬೇರೆ ಏನನ್ನೂ ಆಕೆ ಕೇಳಿರಲಿಲ್ಲ, ಕೇಳಬೇಕೆಂದೂ ಇರಲಿಲ್ಲ.

ಆ ಬುಧವಾರ ಮಧ್ಯಾಹ್ನ ಯಜಮಾನರು ತಟ್ಟೆಯನ್ನೇ ಎತ್ತಿಕೊಂಡು ಬಂದರು. ನಲವತ್ತರ ಆಸುಪಾಸಿನವರು, ಅಪ್ಪನಿಂದ ಬಂದ ಕೆಲಸವನ್ನು ಅಂಜುತ್ತಲೇ ನಡೆಸುತ್ತಿದ್ದವರು.

“ಅಕ್ಕ, ನೀವು ತಿಳಿದೋರು. ಹೇಳಿ, ಇದು ಯಾತರ ಗೀರು?”

ಅವಳು ಭೂತಗನ್ನಡಿ ಹಿಡಿದು ನೋಡಿದಳು. ಕೂದಲೆಳೆಯಂಥ ಗೀರು, ಅಂಚು ಚೊಕ್ಕ. ಮೆದುವಾದದ್ದರ ಕೆಲಸವಲ್ಲ. ಅಕ್ಕಪಕ್ಕದಲ್ಲಿ ಗಟ್ಟಿಯಾದದ್ದು ಏನಿದೆ ಎಂದು ನೋಡುವುದು ಅವಳಿಗೆ ಕಲಿಸಿದ್ದ ಪಾಠ. ಒಂದು ಕೋಣೆ ದಾಟಿದರೆ ಎಮರಿಯ ಮೂಟೆಗಳೇ ಇದ್ದವು.

“ಎಮರಿ,” ಎಂದಳು. “ನೀರಲ್ಲೋ ಕಾಲಲ್ಲೋ ಗರಗಸದ ಕೋಣೆಯಿಂದ ಬರ್ತಿದೆ. ಬೇರೆ ಏನೂ ಇರೋಕೆ ಸಾಧ್ಯವಿಲ್ಲ.”

ಒಂದು ಚೂರೂ ಅನುಮಾನವಿಲ್ಲದ ದನಿಯಲ್ಲಿ ಹೇಳಿದಳು.

ಯಜಮಾನರು ಗರಗಸದಣ್ಣನನ್ನು ಕರೆಸಿದರು. ಅವನು ಹೊಸ್ತಿಲಿನಾಚೆಯೇ ನಿಂತ. ಹೊಳಪಿನ ಕೋಣೆಗೆ ಬರುವ ಮುಂಚೆ ಕಾಲು ತೊಳೆದು, ಏಪ್ರನ್ನು ಬಿಚ್ಚಿ, ಉಗುರಿನ ಸಂದುಗಳನ್ನು ಬ್ರಷ್ಷಿನಿಂದ ತಿಕ್ಕಿಕೊಳ್ಳಬೇಕೆಂಬುದು ಅಲ್ಲಿನ ನಿಯಮ; ಆ ನಿಯಮ ಮಾಡಿದವನೇ ಅವನು. ಮಾತನ್ನೆಲ್ಲ ಕೇಳಿಸಿಕೊಂಡು ತನ್ನ ಉಗುರುಗಳನ್ನೊಮ್ಮೆ ನೋಡಿಕೊಂಡ.

“ಇರಬಹುದು,” ಎಂದ. “ಕಣ್ಣು ಮೊದಲಿನ ಹಂಗಿಲ್ಲ. ಎಲ್ಲೋ ಉಳ್ಕೊಂಡಿರಬಹುದು.”

ಸೋಮವಾರದಿಂದ ಗರಗಸದ ಕೋಣೆ ಮುಚ್ಚುವುದು, ಕೊಯ್ದ ಗಟ್ಟಿಗಳನ್ನೇ ಹೊರಗಿನಿಂದ ತರಿಸುವುದು, ಶನಿವಾರ ಗರಗಸದಣ್ಣನಿಗೆ ಕೊನೆಯ ದಿನ ಎಂದು ತೀರ್ಮಾನವಾಯಿತು. ನಾದಿನಿ ಅಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಎರಡು ಹೆಜ್ಜೆ ಮುಂದೆಯೇ ನಡೆದಳು.

ಕೊನೆಗೆ ತಿರುವಿನಲ್ಲಿ ನಿಂತು, “ಅತ್ತಿಗೆ, ನಿಮಗೆ ಖಾತ್ರಿ ಇತ್ತಾ?” ಎಂದು ಕೇಳಿದಳು.

“ಇತ್ತು. ಅದಕ್ಕೇ ಹೇಳಿದೆ.”

“ಹ್ಞಾಂ. ನೀವು ವಜ್ರದೋರು. ನಿಮ್ಮ ಮಾತಿಗೆ ಯಾರು ಗೀರು ಹಾಕ್ತಾರೆ.”

ಚುಚ್ಚಿ ಹೇಳಿದ ಮಾತು.

ಶನಿವಾರ ಬೆಳಗ್ಗೆ ಚಳಿ ಇನ್ನಷ್ಟು ಬಿಗಿದಿತ್ತು. ಒಣಗಾಳಿಗೆ ಎಲ್ಲರ ತುಟಿ, ಹಿಮ್ಮಡಿ ಬಿರಿದಿದ್ದ ಕಾಲ. ಗಂಡನ ಕನ್ನಡಕವನ್ನು ಸೋಪು ನೀರಿನಲ್ಲಿ ತೊಳೆದು ಹೆಬ್ಬೆರಳಿನಿಂದ ತೀಡಿ ಕೊಡುವುದು ಮದುವೆಯಾದಾಗಿನಿಂದ ಅವಳದೇ ಕೆಲಸ. ಪ್ಲಾಸ್ಟಿಕ್ಕಿನ ಮಸೂರ ಅವನಿಗಾಗದು. ತೂಕವಾದರೂ ಗಾಜೇ ಬೇಕು. ಅವನು ಕನ್ನಡಕ ಏರಿಸಿ, ಪತ್ರಿಕೆ ಬಿಡಿಸಿ, ಮತ್ತೆ ಕನ್ನಡಕ ತೆಗೆದು ಬೆಳಕಿಗೆ ಹಿಡಿದ.

“ಏನೇ, ಇದಕ್ಕೆ ಏನು ಮಾಡ್ತಿದ್ದೀಯ ಈಚೆಗೆ? ಸಾಲುಸಾಲಿಗೂ ಆವರಣ ಚಿಹ್ನೆ ಕಾಣ್ತಿದೆ. ನಿನ್ನೆ ಒಂದು ಪುಟದಲ್ಲಿ ಅದನ್ನ ಹೊಡೆದುಹಾಕೋಕೆ ಹೋಗಿ, ಪೆನ್ನು ಇಟ್ಟ ಮೇಲೆ ಗೊತ್ತಾಯ್ತು, ಚಿಹ್ನೆ ಇರೋದು ಕಾಗದದ ಮೇಲಲ್ಲ, ನನ್ನ ಮೂಗಿನ ಮೇಲೆ ಅಂತ.”

“ಆವರಣ ಚಿಹ್ನೆನಾ?”

“ನೋಡು. ಒಂದೂ ನೆಟ್ಟಗಿಲ್ಲ. ಎಲ್ಲಾ ಬಾಗಿವೆ, ಎಲ್ಲಾ ಒಂದೇ ಕಡೆಗೆ. ಅಚ್ಚಿನಲ್ಲಿ ತೆರೆದು ಮುಚ್ಚೋದನ್ನ ಮರೆತ ಹಾಗೆ.”

ಅವಳು ಕನ್ನಡಕ ತೆಗೆದುಕೊಂಡು ಬಾಗಿಲಿಗೆ ಬಂದಳು. ಎಡದಿಂದ ಬಲಕ್ಕೆ, ಮೇಲೆದ್ದು ಕೆಳಗಿಳಿಯುವ ಪುಟ್ಟ ಕಮಾನುಗಳು. ತಟ್ಟೆಯಲ್ಲಿದ್ದ ಹರಳುಗಳ ಗೀರು ಎಷ್ಟು ಸಣ್ಣದು, ಎಷ್ಟು ಆಳ ಎಂದೆಲ್ಲ ಅವಳು ನೋಡಿದ್ದಳು. ಅದು ಯಾವ ಕಡೆಗೆ ಬಾಗಿದೆ ಎಂದು ನೋಡಿರಲಿಲ್ಲ.

“ತಿಂಡಿ?” ಎಂದು ಗಂಡ ಕೂಗುತ್ತಿದ್ದಂತೆಯೇ ಅವಳು ಚಪ್ಪಲಿ ಮೆಟ್ಟಿ ಹೊರಟಿದ್ದಳು.

ಊಟದ ಗಂಟೆಯವರೆಗೆ ಕಾದಳು. ಆ ಬೆಳಗ್ಗೆ ಒಂದು ಹರಳನ್ನೂ ಮುಟ್ಟಲಿಲ್ಲ. ಬಟ್ಟಲುಗಳನ್ನು ತೊಳೆಯುತ್ತ, ಭಸ್ಮ ಜರಡಿ ಹಿಡಿಯುತ್ತ ಹೊತ್ತು ಕಳೆದಳು. ಎಲ್ಲರೂ ಬುತ್ತಿ ಹಿಡಿದು ಅಂಗಳಕ್ಕೆ ಹೋದ ಮೇಲೆ ತಟ್ಟೆಯಲ್ಲಿದ್ದ ಹರಳುಗಳನ್ನೆಲ್ಲ ಕಿಟಕಿಗೆ ಒಡ್ಡಿ ನೋಡಿದಳು. ಎಲ್ಲ ಗೀರುಗಳೂ ಬಾಗಿದ್ದವು, ಅವಳ ಕೈಯ ದಾರಿಯಲ್ಲೇ. ಆದರೂ ಅದರಿಂದ ಪೂರ್ತಿ ಏನೂ ಸಿದ್ಧವಾಗುವುದಿಲ್ಲ. ಎಮರಿಯ ಕಣವೇ ಅವಳ ಬೆರಳಿಗೆ ಅಂಟಿ, ಅವಳು ತೀಡಿದ ದಾರಿಯಲ್ಲಿ ಗೀರಿರಬಹುದು. ಕನ್ನಡಕಕ್ಕೂ ಅದೇ ಹೋಗಿರಬಹುದು. ಮೂರನೆಯ ಕಲ್ಲು ಮೆದು. ಅದಕ್ಕೆ ಯಾರು ಬೇಕಾದರೂ ಗೀರು ಹಾಕಬಲ್ಲರು, ಯಾರು ಹಾಕಿದರೆಂದು ಅದು ಹೇಳಲಾರದು. ಸಾಕ್ಷಿ ಕೇಳಬೇಕಾದರೆ ಗಟ್ಟಿಯವರ ಹತ್ತಿರ ಹೋಗಬೇಕು.

ಅವಳು ಮೂರು ಸಲ ಸೋಪು ಹಾಕಿ ಕೈ ತೊಳೆದು, ಹೊಸ ಪೆಟ್ಟಿಗೆಯೊಂದನ್ನು ತೆರೆದಳು. ಹೆಬ್ಬೆರಳನ್ನು ಒದ್ದೆ ಮಾಡಿ, ಮೂರನೆಯ ಕಲ್ಲಿನ ಮೇಲೆ ಒತ್ತಿ ಒಂದೇ ಒಂದು ಸಲ ತೀಡಿ ಭೂತಗನ್ನಡಿ ಹಿಡಿದಳು. ಕಮಾನು. ಹಸಿರು ಕಲ್ಲಿನ ಮೇಲೂ ಕಮಾನು. ಐದರ ಮೇಲೆ, ಆರರ ಮೇಲೆ. ಬೆಣಚುಕಲ್ಲಿನ ಮೇಲೆ ತೆಳ್ಳಗೆ, ಆದರೆ ಸ್ಪಷ್ಟವಾಗಿ. ಪುಷ್ಯರಾಗದ ಮೇಲೆ ಹುಡುಕಬೇಕಾಯಿತು, ಸಿಕ್ಕಿತು. ಇಲ್ಲಿಯವರೆಗೂ ಎಮರಿ ಬರಬಲ್ಲದು. ಕುರಂದದ ಮೇಲೆ ಮಾತ್ರ ಅದರ ಆಟ ನಡೆಯದು. ತನ್ನದೇ ಜಾತಿಯ, ತನಗಿಂತ ಚೊಕ್ಕವಾದ ಕಲ್ಲನ್ನು ಅದು ಹೀಗೆ ಕೊರೆಯಲಾರದು. ಒಂಬತ್ತನೆಯದರ ಮೇಲೆ ಗೀರು ಬೀಳದಿದ್ದರೆ ಬುಧವಾರ ಅವಳು ಆಡಿದ ಮಾತು ನಿಜ. ಮೇಜು ಅವಳದಾಗಿ ಉಳಿಯುತ್ತದೆ.

ಬೀಳದಿರಲಿ ಎಂದು ಆಕೆ ಬಯಸಿದಳು. ಬಯಸಿದ್ದು ತನಗೇ ಗೊತ್ತಾಗಿ ಕಿವಿ ಬಿಸಿಯಾಯಿತು. ತೀಡಿದಳು. ಒರೆಸಿದಳು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು.

ಉಸಿರಿನಷ್ಟು ತೆಳುವಾದ ಕಮಾನು ಒಂಬತ್ತನೆಯ ಕಲ್ಲಿನ ಮೇಲಿತ್ತು.

ಆಮೇಲೆ ಭೂತಗನ್ನಡಿಯನ್ನು ಹೆಬ್ಬೆರಳಿಗೇ ಹಿಡಿದಳು. ತುದಿಯಲ್ಲಿ ಪೆನ್ಸಿಲ್ಲಿನಿಂದ ಎಳೆದಂಥ ಬೂದುಬಣ್ಣದ ಗೆರೆ. ಮೂವತ್ತನೆಯ ವಯಸ್ಸಿನಲ್ಲಿ ಒಮ್ಮೆ ಕೈ ಜಾರಿ ಹೆಬ್ಬೆರಳು ತಿರುಗುವ ಚಕ್ರಕ್ಕೆ ತಾಗಿತ್ತು. ಎಣ್ಣೆ, ವಜ್ರದ ಪುಡಿ, ರಕ್ತ ಎಲ್ಲ ಸೇರಿಯೇ ಗಾಯ ಮುಚ್ಚಿಕೊಂಡಿತ್ತು. ಮಾರನೆಯ ವಾರ ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ಹೋದವಳು ಅದನ್ನು ಮರೆತೇಬಿಟ್ಟಿದ್ದಳು. ಈ ಚಳಿಗೆ ಆ ಗೆರೆ ಬಿರಿದಿತ್ತು. ಬಿರುಕಿನ ಒಳಗೆ, ತಳದಲ್ಲಿ, ಏನೋ ಒಂದು ಮಿಣುಕಿ ಮರೆಯಾಯಿತು.

“ಏನು ತಾಯಿ, ಊಟ ಬಿಟ್ಟು ಕಲ್ಲು ತಿಂತಿದ್ದೀಯಾ?”

ಗರಗಸದಣ್ಣ ಹೊಸ್ತಿಲಲ್ಲಿದ್ದ, ತೊಳೆದ ಬುತ್ತಿಯ ಡಬ್ಬಿ ಹಿಡಿದುಕೊಂಡು. ಅವಳು ಕಲ್ಲನ್ನೂ ಭೂತಗನ್ನಡಿಯನ್ನೂ ಅವನತ್ತ ಚಾಚಿದಳು. ಅವನು ಒಳಗೆ ಬರುವ ಮುನ್ನ ಅಭ್ಯಾಸದಂತೆ ಏಪ್ರನ್ನು ಬಿಚ್ಚಿಟ್ಟ. ತುಂಬಾ ಹೊತ್ತು ನೋಡಿದ.

“ಒಂಬತ್ತು,” ಎಂದ.

“ಹ್ಞೂಂ.”

“ಎಮರಿಯಲ್ಲ ಹಂಗಾದ್ರೆ.”

“ಅಲ್ಲ ಅಣ್ಣ. ನನ್ನ ಕೈ.” ಹೆಬ್ಬೆರಳು ತೋರಿಸಿದಳು. “ಹತ್ತನೇದು ಒಳಗೇ ಕೂತಿದೆ. ಹದಿನಾಲ್ಕು ವರ್ಷದಿಂದ.”

ಅವನು ಅವಳ ಬೆರಳನ್ನು ಹಿಡಿದು, ಕಲ್ಲಿನ ಗಟ್ಟಿಯನ್ನು ಪರೀಕ್ಷಿಸುವ ಹಾಗೆ ಆ ಕಡೆ ಈ ಕಡೆ ತಿರುಗಿಸಿ ನೋಡಿದ. “ಭಲೆ,” ಎಂದ. “ಜನ ಉಂಗುರದಲ್ಲಿ ಹಾಕ್ಕೊಳ್ತಾರೆ. ನೀನು ನೇರ ಬೆರಳಿಗೇ ಹಾಕ್ಕೊಂಡಿದ್ದೀಯ.”

ಅವಳು ನಗಲಿಲ್ಲ. “ನಾನು ನಿಮ್ಮ ಮೇಲೆ ಹಾಕಿಬಿಟ್ಟೆ.”

“ಹಾಕಿದ್ದಾಯ್ತು, ನಾನು ಹೊತ್ಕೊಂಡಿದ್ದಾಯ್ತು. ಈಗ ಸುಮ್ನಿರು. ಸೋಮವಾರದಿಂದ ಬೆರಳಿಗೆ ಏನಾದ್ರೂ ಸುತ್ಕೊಂಡು ಕೆಲಸ ಮಾಡು. ನಂಗೆ ಅರವತ್ನಾಲ್ಕು. ಎರಡು ಮಂಡಿನೂ ಆಗ್ಲೇ ರಾಜೀನಾಮೆ ಕೊಟ್ಟಿವೆ, ನಾನೊಬ್ನೇ ಬಾಕಿ. ನಿಂಗೆ ಇನ್ನೂ ಹತ್ತು ಹದಿನೈದು ವರ್ಷದ ಕೆಲಸ ಇದೆ.”

“ಮೂವತ್ತೊಂದು ವರ್ಷ ಉಗುರು ಉಜ್ಜಿದ್ದೀರಿ ಅಣ್ಣ. ಕೊಳಕು ಕಾಲಲ್ಲಿ ಬಂದು ಕೆಡಿಸಿದ್ರು ಅಂತ ಹೇಳಿಸ್ಕೊಂಡು ಹೋಗ್ತೀರಾ?”

ಅವನ ಮುಖ ಅರೆಕ್ಷಣ ಬದಲಾಯಿತು. ಆ ಮಾತು ತಾಗಬಾರದ ಕಡೆ ತಾಗಿತ್ತು. ಮತ್ತೆ ಸಾವರಿಸಿಕೊಂಡ. “ಯಾರಿಗೂ ಹೇಳ್ಬೇಡ. ನನ್ನಾಣೆ.” ಏಪ್ರನ್ನು ಹೆಗಲ ಮೇಲೆ ಹಾಕಿಕೊಂಡು ಹೊರಟುಹೋದ.

ಸಾಣೆಯಕ್ಕ ಪೆಟ್ಟಿಗೆಯ ಕಲ್ಲುಗಳನ್ನು ಒಂದೊಂದಾಗಿ ಅವುಗಳ ಮನೆಗೆ ಮರಳಿ ಇಟ್ಟಳು. ಒಂಬತ್ತನೆಯದನ್ನು ಇಡಲಿಲ್ಲ. ತನ್ನ ಮೇಜನ್ನು ನೋಡಿದಳು: ಭಸ್ಮದ ಬಟ್ಟಲು, ನೀರಿನ ಲೋಟ, ಬೆಳಗ್ಗೆಯಿಂದ ಕಾಯುತ್ತಿರುವ ಮಂಕು ಹರಳು. ಬೆರಳಿಗೆ ಸುತ್ತುವುದೆಂದರೆ ಏನನ್ನು? ಬಟ್ಟೆ ಗುರುತು ಬಿಡುತ್ತದೆ. ರಬ್ಬರಿಗೆ ಬಿಸಿ ತಿಳಿಯದು. ಕಲ್ಲಿನ ಬಿಸಿ ತಿಳಿಯದ ಬೆರಳು ಹತ್ತರಲ್ಲಿ ನಾಲ್ಕನ್ನು ಬಿರಿಸುತ್ತದೆ. ಇವತ್ತು ಸುಮ್ಮನಿದ್ದರೂ ತಟ್ಟೆ ಸುಮ್ಮನಿರುವುದಿಲ್ಲ. ಸೋಮವಾರ ಬೇರೆ ಇನ್ಯಾರನ್ನೋ ಕಳಿಸಬೇಕಾಗುತ್ತದೆ. ಆದರೆ ಇದು ಲೆಕ್ಕದ ಮಾತು. ಅವಳಿಗೆ ಕಣ್ಣಮುಂದೆ ಬರುತ್ತಿದ್ದದ್ದು ಲೆಕ್ಕವಲ್ಲ. ಹೊಸ್ತಿಲಿನಾಚೆ ನಿಂತು ತನ್ನ ಉಗುರುಗಳನ್ನು ತಾನೇ ಸಂಶಯದಿಂದ ನೋಡಿಕೊಂಡ ಮುದುಕನ ಮುಖ. ಆ ಸಂಶಯ ಅವನದಲ್ಲ. ಅವಳು ಕೊಟ್ಟದ್ದು.

ಮಂಕು ಹರಳನ್ನು ಒಮ್ಮೆ ಎಡಗೈಯಲ್ಲಿ ಎತ್ತಿ, ಕೆಳಗಿಟ್ಟು, ನಾದಿನಿಯನ್ನು ಕೂಗಿದಳು.

ಯಜಮಾನರ ಕೋಣೆಯೆಂದರೆ ಅಂಗಳದ ಮಗ್ಗುಲಿಗೆ ಗಾಜಿನ ಗೋಡೆ ಕಟ್ಟಿದ ಒಂದು ಮೂಲೆ. ಸಾಣೆಯಕ್ಕ ಒಂಬತ್ತನೆಯ ಕಲ್ಲನ್ನು ಅವರ ಮುಂದಿಟ್ಟು, ಕನ್ನಡಕದಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಗರಗಸದಣ್ಣನ ಆಣೆಯೊಂದನ್ನು ಬಿಟ್ಟು. ನಾದಿನಿ ಅವಳ ಹೆಬ್ಬೆರಳನ್ನು ಎಳೆದು ನೋಡಿ, ಬಿಟ್ಟು, ಮತ್ತೆ ಎಳೆದು ನೋಡಿದಳು.

ಯಜಮಾನರು ಕಲ್ಲನ್ನು ತಿರುಗಿಸುತ್ತ ಕೂತರು. “ಅಕ್ಕ, ಒಂದು ಮಾತು. ಅಣ್ಣನಿಗೂ ವಯಸ್ಸಾಯ್ತು. ಹೆಂಗೂ ಆ ಕೋಣೆ ಇವತ್ತಲ್ಲ ನಾಳೆ ಮುಚ್ಚಬೇಕಾಗಿದ್ದೇ...”

“ಮುಚ್ಚೋದು ಬೇರೆ. ಗೀರು ಹಾಕಿದ್ರು ಅಂತ ಕಳ್ಸೋದು ಬೇರೆ.”

“ಅದೂ ನಿಜ.” ಅವರು ಹಣೆ ಒರೆಸಿಕೊಂಡರು. ಅಷ್ಟಕ್ಕೇ ಅವರ ದನಿ ಹಗುರಾಗಿತ್ತು. “ಸರಿ, ಕಳ್ಸಲ್ಲ. ನಾನೇ ಹೋಗಿ ಹೇಳ್ತೀನಿ, ಸಂಜೆ ಸಾವಕಾಶವಾಗಿ. ಈಗ ನಿಮ್ಮ ವಿಷಯ. ರಬ್ಬರಿನ ಟೊಪ್ಪಿ ಸಿಗುತ್ತೆ ಬೆರಳಿಗೆ...”

“ರಬ್ಬರಿಗೆ ಬಿಸಿ ಗೊತ್ತಾಗಲ್ಲ.”

“ಎಡಗೈ?” ಎಂದಳು ನಾದಿನಿ.

“ಬಲಗೈಗೆ ಬುದ್ಧಿ ಹೇಳೋಕೇ ಮೂರು ತಿಂಗಳು ಹಿಡೀತು. ಇನ್ನು ಎರಡು ವಾರನೂ ಇಲ್ಲ. ನಿನ್ನ ಕೈ ಇದೆಯಲ್ಲ.”

“ನನ್ನದಾ!” ನಾದಿನಿ ಎರಡೂ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. “ಅತ್ತಿಗೆ, ನಾನು ಗುಂಡಿ ಹೊಲಿದ್ರೆ ಅಂಗಿನೇ ಕಿತ್ಕೊಂಡು ಬರುತ್ತೆ. ಮನೇಲಿ ನಮ್ಮಣ್ಣನ್ನ ಕೇಳಿ ಬೇಕಾದ್ರೆ.”

“ಹನ್ನೆರಡು ವರ್ಷ ಗೀರು ನೋಡಿದೋಳು ನೀನು. ಏನಾಗ್ಬಾರ್ದು ಅಂತ ನಿನ್ನಷ್ಟು ಗೊತ್ತಿರೋರು ಇಲ್ಲ. ನಾನು ಪಕ್ಕದಲ್ಲಿ ನಿಂತು ಹೇಳ್ತೀನಿ. ಬೆರಳು ಇಡಲ್ಲ.”

ಕೊನೆಯ ಎರಡು ಪದ ಹೇಳುವಾಗ ದನಿ ಸ್ವಲ್ಪ ಜಾರಿತು. ನಾದಿನಿ ಕೈಗಳನ್ನು ಮೆಲ್ಲಗೆ ಮುಂದೆ ತಂದು, ತನ್ನ ಹೆಬ್ಬೆರಳನ್ನು ಮೊದಲ ಸಲ ನೋಡುವವಳಂತೆ ನೋಡಿದಳು.

“ಇದನ್ನ ಕಲಿಸಿ ಆದ್ಮೇಲೆ ನೀವೆಲ್ಲಿ ಕೂರ್ತೀರಿ?” ಎಂದರು ಯಜಮಾನರು.

“ಗರಗಸದ ಕೋಣೆ. ಕಲ್ಲಿನ ಗಟ್ಟಿ ಯಾವ ದಿಕ್ಕಿಗೆ ಬಿಟ್ಕೊಳ್ಳುತ್ತೆ ಅಂತ ಗುರುತು ಹಾಕೋಕೆ ಅಣ್ಣನಿಗೆ ಬಗ್ಗೋಕಾಗಲ್ಲ. ದಿಕ್ಕು ಹುಡುಕೋದೊಂದು ನನಗೆ ಬರುತ್ತೆ. ಅಲ್ಲಿ ಈ ಬೆರಳಿನಿಂದ ಯಾರಿಗೂ ತೊಂದ್ರೆ ಇಲ್ಲ.”

“ಅಯ್ಯೋ ಅಕ್ಕ, ಅಲ್ಲಿ ನೀರು, ಕೆಸರು, ಚಳಿ. ನಿಮ್ಮಂಥ ಕೈ ಅಲ್ಲಿ ಹಾಳಾಗುತ್ತೆ. ಒಂದು ಕೆಲಸ ಮಾಡೋಣ, ಕೂತ್ಕೊಳ್ಳಿ, ಪ್ಯಾಕಿಂಗ್ ಮೇಜಿದೆ, ಇಲ್ಲಾಂದ್ರೆ ನಿಮ್ಮ ನಾದಿನಿಯ ದೀಪದ ಹತ್ರ...”

ಸಾಣೆಯಕ್ಕ ಗಾಜಿನಾಚೆ ನೋಡುತ್ತಿದ್ದಳು. ಗರಗಸದಣ್ಣ ಅಂಗಳದಲ್ಲಿದ್ದ. ಮೈಮೇಲೆ ಏಪ್ರನ್ನಿಲ್ಲ, ಒಣಗಿದ ಅಂಗಿ. ಕಂಕುಳಲ್ಲಿ ಬಟ್ಟೆ ಸುತ್ತಿದ ಗಂಟು, ಅದರ ತುದಿಯಿಂದ ಸುತ್ತಿಗೆಯ ಹಿಡಿ ಇಣುಕುತ್ತಿತ್ತು. ಸಂಜೆಯ ಗಂಟೆಗೆ ಇನ್ನೂ ಮೂರು ತಾಸಿತ್ತು. ಅವಳು ಬಾಯಿ ಬಿಡುವ ಮುಂಚೆ ಹೊರಟುಹೋದರೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲವೆಂದು ಅವನು ಬೇಗನೆ ಹೊರಟಿದ್ದ. ಮಂಡಿಯ ನೋವಿಗೆ ಒಂದು ಕಾಲನ್ನು ಹೊರಚಾಚಿ ಇಡುತ್ತ, ಗೇಟಿನ ಕಡೆಗೆ.

“...ದೀಪದ ಹತ್ರ ಆದ್ರೆ ಬೆಚ್ಚಗೂ ಇರುತ್ತೆ, ಕೂತು ಮಾಡೋ ಕೆಲಸ, ನಾನು ಏನು ಹೇಳ್ತಿದ್ದೀನಂದ್ರೆ ಅಕ್ಕ, ಪೂರ್ತಿ ಕೇಳಿ...”

ಬಾಗಿಲು ತೆರೆದೇ ಉಳಿದಿತ್ತು. ಅವಳು ಅಂಗಳದ ಅರ್ಧ ದಾಟಿದ್ದಳು.